ಬಬೂನುಗಳ ದ್ವೀಪ ದಾಟಿದ ಮೇಲೆ ಕಥೆ ಸಪ್ಪೆಯಾಯಿತೇ?

ಪ್ರಶ್ನೆ: ಸಾಗರದ ಹತ್ತಿರದ ಶಾಲೆಯೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನಮ್ಮ ಓದುಕೂಟದಲ್ಲಿ ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿದ್ದಾರೆ. ಈ ಸಲ ಅವರಿಗೆ ನ್ಯಾನ್ಸಿ ಫಾರ್ಮರ್ ಅವರ ‘ಎ ಗರ್ಲ್ ನೇಮ್ಡ್ ಡಿಸಾಸ್ಟರ್’ ಕಾದಂಬರಿ ಓದಲು ಕೊಟ್ಟೆ. ಮುಗಿದ ಮೇಲೆ ಅನಿಸಿದ್ದನ್ನು ಚೀಟಿಯಲ್ಲಿ ಬರೆಯಿರಿ ಎಂದೆ. ಬಂದದ್ದು ಹೀಗಿದೆ: ‘ಮೊದಲು ತುಂಬಾ ಬೋರು, ಹೆಸರುಗಳೇ ನೆನಪಿರಲ್ಲ.’ ‘ಬಬೂನ್ ಬಂದ ಮೇಲೆ ಪುಸ್ತಕ ಕೆಳಗಿಡಲಿಲ್ಲ.’ ‘ವಿಜ್ಞಾನಿಗಳು ಸಿಕ್ಕಮೇಲೆ ಕಥೆ ಮುಗೀತು, ಆಮೇಲೂ ಯಾಕೆ ಎಳೆದಿದ್ದಾರೆ?’ ‘ಅವಳು ಸತ್ತವರ ಜೊತೆ ಮಾತಾಡ್ತಾಳೆ, ತಲೆ ಕೆಟ್ಟಿದೆಯಾ?’ ‘ಆಫ್ರಿಕಾದಲ್ಲಿ ಎಲ್ಲರೂ ಹೀಗೇನಾ?’ ಒಬ್ಬಳು ಮಾತ್ರ ಒಂದೇ ಸಾಲು ಬರೆದಿದ್ದಾಳೆ: ‘ಅಜ್ಜಿ ಯಾಕೆ ಅವಳ ಜೊತೆ ಹೋಗಲಿಲ್ಲ?’ ಬಾಲ್ಯವಿವಾಹದ ವಿಷಯ ಇದೆಯೆಂದು ಒಬ್ಬ ಪೋಷಕರು ಆಕ್ಷೇಪವನ್ನೂ ಎತ್ತಿದ್ದಾರೆ. ಇಷ್ಟೊಂದು ಭಿನ್ನಾಭಿಪ್ರಾಯ ಬಂದ ಪುಸ್ತಕವನ್ನು ಮುಂದಿನ ವರ್ಷದ ಗುಂಪಿಗೆ ಕೊಡಬಹುದೇ?

ಉತ್ತರ: ಖಂಡಿತ ಕೊಡಿ. ಆದರೆ ಈ ಸಲ ಕೊಟ್ಟ ಹಾಗೆ ‘ಓದಿಕೊಂಡು ಬನ್ನಿ’ ಎಂದು ಕೈಗಿಟ್ಟು ಕಳಿಸಬೇಡಿ. ಮತ್ತೆ ಆ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎಷ್ಟು ಮಂದಿಗೆ ಹಿಡಿಸಿತು, ಎಷ್ಟು ಮಂದಿಗೆ ಹಿಡಿಸಲಿಲ್ಲ ಎಂದು ಲೆಕ್ಕ ಹಾಕಿದರೆ ಅವುಗಳಿಂದ ಏನೂ ಸಿಗುವುದಿಲ್ಲ. ಯಾವ ಮಗು ಎಲ್ಲಿ ನಿಂತಿತು, ಎಲ್ಲಿ ಓಡಿತು, ಎಲ್ಲಿ ಪುಸ್ತಕ ಮುಚ್ಚಿತು ಎಂದು ನೋಡಿ. ನಿಮ್ಮ ಮಕ್ಕಳು ಬೋರು ಎಂದ ಜಾಗಗಳಲ್ಲಿ ಒಂದು ನಿಜಕ್ಕೂ ಕಾದಂಬರಿಯ ತೊಡಕು. ಇನ್ನೊಂದು ಮಾತ್ರ ಕಾದಂಬರಿಯ ಜೀವವೇ ಇರುವ ಜಾಗ. ಎರಡಕ್ಕೂ ಮಕ್ಕಳು ಬಳಸಿದ ಪದ ಒಂದೇ ಆದರೂ ದೊಡ್ಡವರಾದ ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಾದಂಬರಿ ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. 1996ರಲ್ಲಿ ಬಂದ ಪುಸ್ತಕ ಇದು. ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಗೌರವ ಪಡೆಯಿತು. ಕಥೆ ನಡೆಯುವುದು 1981ರಲ್ಲಿ, ಮೊಜಾಂಬಿಕ್ ಮತ್ತು ಜಿಂಬಾಬ್ವೆಯ ಗಡಿಸೀಮೆಯಲ್ಲಿ. ನ್ಹಾಮೊ ಆ ಸೀಮೆಯ ಶೋನಾ ಜನಾಂಗದ ಹನ್ನೊಂದು-ಹನ್ನೆರಡರ ಹುಡುಗಿ. ತಾಯಿ ಚಿರತೆಯ ಬಾಯಿಗೆ ಬಲಿಯಾದವಳು. ತಂದೆ ಕುಡಿದ ಜಗಳದಲ್ಲಿ ಒಬ್ಬನನ್ನು ಕೊಂದು ಊರು ಬಿಟ್ಟು ಓಡಿಹೋದವನು. ಊರಿಗೆ ಕಾಲರಾ ಬರುತ್ತದೆ. ಕೊಲೆಯಾದವನ ಆತ್ಮ ಸೇಡು ತೀರಿಸಿಕೊಳ್ಳುತ್ತಿದೆ, ಅದನ್ನು ಶಾಂತಿ ಮಾಡಬೇಕಾದರೆ ಸತ್ತವನ ಅಣ್ಣತಮ್ಮಂದಿರಲ್ಲೊಬ್ಬನಿಗೆ ಈ ಹುಡುಗಿಯನ್ನು ಕೊಡಬೇಕು ಎಂದು ಮಾಟ ಪತ್ತೆ ಹಚ್ಚುವವನು ತೀರ್ಪು ಹೇಳುತ್ತಾನೆ. ವರನೆನಿಸಿಕೊಂಡವನು ಅವಳಿಗಿಂತ ಬಹಳ ದೊಡ್ಡವ, ಕ್ರೂರಿ, ಆಗಲೇ ಹೆಂಡತಿಯರಿರುವವನು. ಅಜ್ಜಿ ತಾನು ಕೂಡಿಟ್ಟಿದ್ದ ಚಿನ್ನದ ಹರಳುಗಳನ್ನು ಮೊಮ್ಮಗಳ ಕೈಗಿಟ್ಟು, ಸತ್ತ ಮೀನುಗಾರನ ದೋಣಿಯಲ್ಲಿ ಜಿಂಬಾಬ್ವೆಗೆ ಓಡಿಹೋಗಲು ಹೇಳುತ್ತಾಳೆ. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ದಾರಿ ತಿಂಗಳುಗಟ್ಟಲೆ ಎಳೆಯುತ್ತದೆ. ಕಾಬೊರಾ ಬಾಸಾ ಎಂಬ ಸರೋವರದಲ್ಲಿ, ಬಬೂನ್ ಎಂಬ ದೊಡ್ಡ ಕೋತಿಗಳಿರುವ ನಿರ್ಜನ ದ್ವೀಪದಲ್ಲಿ ಅವಳು ಒಂಟಿಯಾಗಿ ಸಿಕ್ಕಿಬೀಳುತ್ತಾಳೆ. ಕೊನೆಗೆ ಗಡಿ ದಾಟಿ ವಿಜ್ಞಾನಿಗಳ ಕೇಂದ್ರವೊಂದನ್ನು ಸೇರುತ್ತಾಳೆ.

ಮೊದಲ ದೂರಿಗೆ ಬರುತ್ತೇನೆ. ಆರಂಭ ಭಾರವಾಗಿದೆ ಎಂದ ಮಕ್ಕಳ ಮಾತು ಸರಿ. ಪುಸ್ತಕ ತೆರೆದ ಕೂಡಲೇ ಪಾತ್ರಗಳ ಪಟ್ಟಿ ಎದುರಾಗುತ್ತದೆ. ಹಿಂದೆ ಶಬ್ದಕೋಶ, ಇತಿಹಾಸ, ನಂಬಿಕೆಗಳ ವಿವರಣೆ. ಹಳ್ಳಿಯಲ್ಲಿ ಚಿಕ್ಕಮ್ಮ, ದೊಡ್ಡಮ್ಮ, ಮಾವ, ಸೋದರಸಂಬಂಧಿ ಎಂದು ಸಾಲುಸಾಲು ಜನ. ಇಂಗ್ಲಿಷನ್ನೇ ತಡವರಿಸಿ ಓದುವ ಮಗುವಿಗೆ ಅದರ ಮೇಲೆ ಶೋನಾ ಹೆಸರುಗಳೂ ಬಂದರೆ ಏದುಸಿರು ಬರದೆ ಇರುತ್ತದೆಯೇ? ನಾನು ಮಕ್ಕಳ ಗುಂಪುಗಳಿಗೆ ಹೇಳುವುದು ಇಷ್ಟು: ಪಾತ್ರಪಟ್ಟಿ ಓದಬೇಡಿ, ಶಬ್ದಕೋಶಕ್ಕೆ ಪದೇಪದೇ ಹೋಗಬೇಡಿ, ನಾಲ್ಕು ಜನರನ್ನು ಮಾತ್ರ ನೆನಪಿಟ್ಟುಕೊಳ್ಳಿ. ನ್ಹಾಮೊ, ಅವಳ ಅಜ್ಜಿ, ಅವಳನ್ನು ದುಡಿಸಿಕೊಳ್ಳುವ ಚಿಕ್ಕಮ್ಮ ಚಿಪೊ, ಚಿಪೊಳ ಮಗಳು, ಎಲ್ಲರ ಮುದ್ದಿನ ಮಸ್ವಿತಾ. ಉಳಿದವರು ಊರಿನ ಜನ, ಅಷ್ಟೇ. ಮೊದಲ ಭಾಗವನ್ನು ಆದಷ್ಟು ನೀವೇ ಗಟ್ಟಿಯಾಗಿ ಓದಿ, ಕಷ್ಟವಾದಲ್ಲಿ ಕನ್ನಡದಲ್ಲಿ ಹೇಳಿ. ದೋಣಿ ನೀರಿಗಿಳಿದ ಮೇಲೆ ಮಕ್ಕಳ ಕೈಗೆ ಕೊಡಿ.

ಹಾಗೆಂದು ಆ ಭಾಗವನ್ನು ಪೂರ್ತಿ ಹಾರಿಸಬೇಡಿ. ಅಲ್ಲೊಂದು ಚಿತ್ರದ ಪ್ರಸಂಗ ಬರುತ್ತದೆ. ಪತ್ರಿಕೆಯ ಜಾಹೀರಾತಿನಲ್ಲಿ ಬ್ರೆಡ್ಡಿಗೆ ಮಾರ್ಗರೀನ್ ಸವರುತ್ತಿರುವ ಒಬ್ಬ ಹೆಂಗಸು. ತಾಯಿಯ ಮುಖ ಕಂಡ ನೆನಪಿಲ್ಲದ ನ್ಹಾಮೊ ಅವಳನ್ನೇ ಅಮ್ಮ ಎಂದುಕೊಂಡು, ಆ ಕಾಗದವನ್ನು ಬಚ್ಚಿಟ್ಟು, ಯಾರಿಗೂ ಕಾಣದಂತೆ ಹೋಗಿ ಮಾತಾಡಿಸಿ ಬರುತ್ತಾಳೆ. ಈ ಪುಟ ಓದದೆ ಸೀದಾ ದ್ವೀಪಕ್ಕೆ ಹೋದ ಮಗುವಿಗೆ, ದ್ವೀಪದಲ್ಲಿ ಅವಳು ಯಾರ ಜೊತೆ ಮಾತಾಡುತ್ತಿದ್ದಾಳೆ ಎಂಬುದೇ ಅರ್ಥವಾಗುವುದಿಲ್ಲ. ‘ತಲೆ ಕೆಟ್ಟಿದೆಯಾ’ ಎಂಬ ಚೀಟಿ ಬರೆದ ಮಗು ಈ ಪುಟವನ್ನು ಅವಸರದಲ್ಲಿ ದಾಟಿರಬಹುದು.

ಆ ಚೀಟಿಯ ಬಗ್ಗೆಯೇ ಇನ್ನಷ್ಟು ಹೇಳಬೇಕು. ನ್ಹಾಮೊ ತಾಯಿಯೊಡನೆ ಮಾತಾಡುತ್ತಾಳೆ, ದೋಣಿಯ ಒಡೆಯನಾಗಿದ್ದ ಸತ್ತ ಮೀನುಗಾರನೊಡನೆ ಮಾತಾಡುತ್ತಾಳೆ, ನೀರಿನ ಶಕ್ತಿಗಳಾದ ನ್ಜೂಜುಗಳಿಗೆ ಹೆದರುತ್ತಾಳೆ. ಶೋನಾ ಜನರ ಲೋಕದಲ್ಲಿ ಸತ್ತ ಹಿರಿಯರು ಮನೆಮಂದಿಯೇ. ಅವರನ್ನು ನೆನೆಯುವುದು, ಉಣಿಸುವುದು, ಅವರ ಮಾತು ಕೇಳುವುದು ಬದುಕಿನ ನಿತ್ಯದ ವಹಿವಾಟು. ಕಾದಂಬರಿ ಇದನ್ನು ಹುಚ್ಚು ಎಂದು ತಳ್ಳಿಹಾಕುವುದಿಲ್ಲ. ಆ ಆತ್ಮಗಳು ನಿಜವಾಗಿ ಬಂದು ನಿಂತವು ಎಂದು ಸಾಧಿಸಲೂ ಹೋಗುವುದಿಲ್ಲ. ಹುಡುಗಿಗೆ ಕೇಳಿಸಿದ್ದನ್ನು ಕೇಳಿಸಿದಂತೆ ಬರೆಯುತ್ತದೆ. ನನ್ನ ಅನುಭವದಲ್ಲಿ, ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ಕಂಡು ಬೆಳೆದ ಮಕ್ಕಳು ಇಲ್ಲಿ ತೊಡರುವುದಿಲ್ಲ. ಅಪಾರ್ಟ್‌ಮೆಂಟಿನ ಮಕ್ಕಳೇ ಹೆಚ್ಚು ಗಾಬರಿಯಾಗುವುದು. ನಿಮ್ಮ ಗುಂಪಿನಲ್ಲಿ ಎರಡೂ ಬಗೆಯವರು ಇದ್ದರೆ ವಿವರಣೆ ನೀವು ಕೊಡಬೇಡಿ, ಮಕ್ಕಳೇ ಮಕ್ಕಳಿಗೆ ಹೇಳಲಿ.

ಇದರ ಜೊತೆಗೇ ಸೇರಿದ ಇನ್ನೊಂದು ದೂರು ಅನೇಕ ಕಡೆ ಕೇಳಿಬರುತ್ತದೆ: ನಡುನಡುವೆ ಕಥೆಯೊಳಗೆ ಕಥೆ ಬಂದು ಓಟಕ್ಕೆ ಅಡ್ಡಿಯಾಗುತ್ತದೆ ಎಂದು. ಶೋನಾ ಕಥೆ ಹೇಳುವ ಪದ್ಧತಿ ಗೊತ್ತಿದ್ದರೆ ಆ ಕಥೆಗಳ ತೂಕವೇ ಬೇರೆ. ಕಥೆ ಹೇಳುವವರು ‘ಪೈವಾಪೊ’ ಎಂದು ಶುರುಮಾಡುತ್ತಾರೆ, ಒಂದಾನೊಂದು ಕಾಲದಲ್ಲಿ ಎಂಬಂತೆ. ಸುತ್ತ ಕೂತವರು ‘ಜೆಪ್ಫುಂಡೆ’ ಎಂದು ದನಿಗೂಡಿಸುತ್ತಾರೆ. ಪ್ರತಿ ಸಾಲಿಗೂ ಕೇಳುಗರು ಹೀಗೆ ಹೂಂಗುಟ್ಟುತ್ತಿದ್ದರೇನೇ ಕಥೆ ಮುಂದೆ ಸಾಗುವುದು. ಈಗ ನ್ಹಾಮೊಳನ್ನು ನೆನೆಯಿರಿ. ನಿರ್ಜನ ದ್ವೀಪ, ಕತ್ತಲು, ಮರದ ಮೇಲೊಂದು ಹುಡುಗಿ. ಅಜ್ಜಿಯಿಂದ ಕಲಿತ ಕಥೆಯನ್ನು ಹೇಳುತ್ತಾಳೆ, ಉತ್ತರ ಕೊಡಲು ಯಾರೂ ಇಲ್ಲ. ಹಸಿವಿಗಿಂತ ಹೆಚ್ಚಾಗಿ ಈ ನಿಶ್ಶಬ್ದವೇ ಅವಳನ್ನು ಕೊಲ್ಲಲು ನಿಂತಿದೆ. ನೀವು ಓದಿ ಹೇಳುವಾಗ ಮಕ್ಕಳಿಂದ ‘ಜೆಪ್ಫುಂಡೆ’ ಹೇಳಿಸಿ. ಐದು ನಿಮಿಷ ಹೇಳಿಸಿ, ಆಮೇಲೆ ಸುಮ್ಮನಿರಲು ಹೇಳಿ, ಅದೇ ಕಥೆಯನ್ನು ಮುಂದುವರಿಸಿ. ಆ ವ್ಯತ್ಯಾಸ ಮಕ್ಕಳಿಗೆ ತಕ್ಷಣ ತಟ್ಟುತ್ತದೆ.

ಇನ್ನು ಎಲ್ಲರಿಗೂ ಅಚ್ಚುಮೆಚ್ಚಾದ ಭಾಗ, ಸರೋವರ ಮತ್ತು ಬಬೂನುಗಳು. ಮಕ್ಕಳಿಗೆ ಇಲ್ಲಿ ಯಾರ ಸಹಾಯವೂ ಬೇಡ. ಆದರೆ ‘ಆ ಕೋತಿಗಳು ದ್ವೀಪಕ್ಕೆ ಹೇಗೆ ಬಂದವು?’ ಎಂದು ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಒಳ್ಳೆಯ ಉತ್ತರವಿರಲಿ, ಏಕೆಂದರೆ ನಿಮ್ಮಷ್ಟು ಚೆನ್ನಾಗಿ ಅದನ್ನು ಹೇಳಬಲ್ಲವರು ಕಡಿಮೆ.

ಕಾಬೊರಾ ಬಾಸಾ ಹುಟ್ಟು ಸರೋವರವಲ್ಲ. ಜಾಂಬೆಜಿ ನದಿಗೆ ಪೋರ್ಚುಗೀಸರು ಕಟ್ಟಿದ ಅಣೆಕಟ್ಟಿನ ಹಿನ್ನೀರು. 1974ರ ಡಿಸೆಂಬರಿನಲ್ಲಿ ಗೇಟು ಮುಚ್ಚಿದರು, ತಿಂಗಳುಗಳಲ್ಲೇ ಕಣಿವೆ ಮುಳುಗಿತು. ಉದ್ದ ಸುಮಾರು 250 ಕಿಲೋಮೀಟರ್, ಹರಹು ಸುಮಾರು 2,700 ಚದರ ಕಿಲೋಮೀಟರ್. ಕಥೆ ನಡೆಯುವ ಹೊತ್ತಿಗೆ ಆ ನೀರಿಗೆ ಏಳು ವರ್ಷವೂ ತುಂಬಿರಲಿಲ್ಲ. ದ್ವೀಪಗಳೆಂದರೆ ಮುಳುಗಿದ ಗುಡ್ಡಗಳ ನೆತ್ತಿ. ಲಿಂಗನಮಕ್ಕಿ ಅಣೆಕಟ್ಟಾದ ಮೇಲೆ ಶರಾವತಿ ಹಿನ್ನೀರಿನಲ್ಲಿ ಗುಡ್ಡಗಳು ನಡುಗಡ್ಡೆಯಾದದ್ದನ್ನು ನಿಮ್ಮ ಮಕ್ಕಳು ದಿನಾ ನೋಡುತ್ತಾರೆ. ಬೇಸಿಗೆಯಲ್ಲಿ ನೀರಿಳಿದಾಗ ಎದ್ದು ಕಾಣುವ ಒಣ ಮರದ ಬೊಡ್ಡೆಗಳನ್ನೂ ನೋಡಿದ್ದಾರೆ. ಅವರ ಅಜ್ಜ-ಅಜ್ಜಿಯರಲ್ಲಿ ಮುಳುಗಡೆಯಾಗಿ ಬಂದವರು ಇದ್ದೇ ಇರುತ್ತಾರೆ. ಹೀಗೆಂದ ಮೇಲೆ ಭೂಪಟವೇ ಬೇಡ.

ಪ್ರಾಣಿಗಳ ಕಥೆ ಇನ್ನೂ ಕಠಿಣ. ಅದೇ ಜಾಂಬೆಜಿಯಲ್ಲಿ ಮೇಲ್ಗಡೆ ಕರೀಬಾ ಅಣೆಕಟ್ಟು ಕಟ್ಟಿದಾಗ, 1958ರಿಂದ ಕೆಲವು ವರ್ಷ ರೂಪರ್ಟ್ ಫಾದರ್‌ಗಿಲ್ ಎಂಬ ವನ್ಯಜೀವಿ ಅಧಿಕಾರಿಯ ನೇತೃತ್ವದಲ್ಲಿ ದೋಣಿಗಳಲ್ಲಿ ಹೋಗಿ, ಗುಡ್ಡದ ತುದಿಗಳಲ್ಲಿ ಸಿಕ್ಕಿಬಿದ್ದಿದ್ದ ಆರು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ದಡ ಸೇರಿಸಿದ್ದರು. ‘ಆಪರೇಷನ್ ನೋವಾ’ ಎಂದು ಅದು ಜಗತ್ತಿಗೆಲ್ಲ ಗೊತ್ತಾಯಿತು. ಕಾಬೊರಾ ಬಾಸಾದಲ್ಲಿ ನೀರು ಏರಿದ್ದು ಬಹಳ ಬೇಗ. ದೇಶ ಆಗ ಸ್ವಾತಂತ್ರ್ಯದ ಹೊಸ್ತಿಲಲ್ಲಿತ್ತು, ಪೋರ್ಚುಗೀಸ್ ಆಡಳಿತ ಗಂಟುಮೂಟೆ ಕಟ್ಟುತ್ತಿತ್ತು. ಆ ಮಟ್ಟದ ರಕ್ಷಣಾಕಾರ್ಯ ಅಲ್ಲಿ ನಡೆಯಲಿಲ್ಲ. ಕಾದಂಬರಿಯ ಬಬೂನುಗಳನ್ನು ಹೀಗೆ ನೋಡಿದಾಗ ಅವೂ ನ್ಹಾಮೊಳಂತೆ ನೀರಿನ ನಡುವೆ ಸಿಕ್ಕಿಕೊಂಡವು. ಅವಳು ಅವುಗಳಿಗೆ ಹೆಸರಿಡುತ್ತಾಳೆ, ಯಾರು ಯಾರಿಗೆ ತಲೆಬಾಗುತ್ತಾರೆ ಎಂದು ಗಮನಿಸುತ್ತಾಳೆ, ಅವು ತಿನ್ನುವುದನ್ನು ನೋಡಿ ಏನು ತಿನ್ನಬಹುದೆಂದು ಕಲಿಯುತ್ತಾಳೆ, ಕೂಡಿಟ್ಟ ಆಹಾರಕ್ಕಾಗಿ ಅವುಗಳೊಡನೆಯೇ ಕಾದಾಡುತ್ತಾಳೆ. ಫಾರ್ಮರ್ ಬಬೂನುಗಳನ್ನು ಮುದ್ದು ಗೆಳೆಯರನ್ನಾಗಿ ಮಾಡಿಲ್ಲ. ಅವು ಕಚ್ಚುತ್ತವೆ, ಕದಿಯುತ್ತವೆ, ದುರ್ಬಲವಾದದ್ದನ್ನು ಹಿಂಸಿಸುತ್ತವೆ. ಮಕ್ಕಳು ಈ ಭಾಗವನ್ನು ನಂಬುವುದು ಅದಕ್ಕೇ. ಲೇಖಕಿ ಇದನ್ನು ಗಾಳಿಯಲ್ಲಿ ಕಟ್ಟಿದ್ದಲ್ಲ. ಅಮೆರಿಕದ ಅರಿಜೋನಾದಲ್ಲಿ ಹುಟ್ಟಿದ ಆಕೆ ಎಪ್ಪತ್ತರ ದಶಕದಲ್ಲಿ ಇದೇ ಸರೋವರದಲ್ಲಿ ಜಲಕಳೆ ಹತೋಟಿಯ ಕೆಲಸ ಮಾಡಿದ್ದರು, ಆಮೇಲೆ ಜಿಂಬಾಬ್ವೆಯಲ್ಲಿ ರೋಗ ಹರಡುವ ಟ್ಸೆಟ್ಸೆ ನೊಣಗಳ ಕೆಲಸದಲ್ಲಿದ್ದರು. ಅದಕ್ಕೂ ಮೊದಲು, 1963ರಿಂದ 65ರವರೆಗೆ ಅಮೆರಿಕ ಸರ್ಕಾರದ ಸೇವಾಸಂಸ್ಥೆಯಾದ ಪೀಸ್ ಕೋರ್‌ನ ಸ್ವಯಂಸೇವಕಿಯಾಗಿ ಭಾರತದಲ್ಲೂ ಇದ್ದವರು.

‘ಆಫ್ರಿಕಾದಲ್ಲಿ ಎಲ್ಲರೂ ಹೀಗೇನಾ?’ ಈ ಚೀಟಿಗೆ ಉತ್ತರ ಕೊಡದೆ ಮುಂದಿನ ಪುಸ್ತಕಕ್ಕೆ ಹೋಗಬೇಡಿ. ಮಗುವಿನಲ್ಲಿ ದುರುದ್ದೇಶವಿಲ್ಲ. ಅದು ಓದಿದ ಆಫ್ರಿಕಾದ ಕಥೆ ಇದೊಂದೇ ಇರಬಹುದು. ಇಲ್ಲ, ಎಲ್ಲರೂ ಹೀಗಿಲ್ಲ ಎಂಬುದಕ್ಕೆ ಸಾಕ್ಷಿ ಕಾದಂಬರಿಯೊಳಗೇ ಇದೆ. ಅದೇ ಸೀಮೆಯ ಜನರಲ್ಲಿ ಹಳ್ಳಿಯ ನ್ಹಾಮೊ ಇದ್ದಾಳೆ, ಸಂಶೋಧನೆ ಮಾಡುವ ವಿಜ್ಞಾನಿ ಡಾಕ್ಟರ್ ಮಸುಕು ಇದ್ದಾಳೆ, ಹಣವಂತ ಪಟ್ಟಣಿಗರಿದ್ದಾರೆ, ಕ್ರೈಸ್ತ ಪಂಥವೊಂದರ ಬಿಳಿಯಂಗಿ ತೊಟ್ಟ ಬಾಬಾ ಜೋಸೆಫ್ ಇದ್ದಾನೆ. ಒಂದೇ ಸೀಮೆ, ಒಂದೇ ವರ್ಷ, ನಾಲ್ಕು ಬೇರೆ ಬದುಕು. ಮಕ್ಕಳಿಗೆ ಈ ನಾಲ್ವರನ್ನು ಅಕ್ಕಪಕ್ಕ ನಿಲ್ಲಿಸಿ ತೋರಿಸಿ.

ಕಾಲರಾ ಬಂದಾಗ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದೂ ಕೇಳುತ್ತಾರೆ. 1975ರ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾದಾಗ ಪೋರ್ಚುಗೀಸರು ಗುಂಪುಗುಂಪಾಗಿ ದೇಶ ಬಿಟ್ಟರು, ವೈದ್ಯರಲ್ಲಿ ಬಹುಪಾಲು ಜನ ಅವರೊಡನೆಯೇ ಹೋದರು. 1977ರಿಂದ 1992ರವರೆಗೆ ಅಂತರ್ಯುದ್ಧ. ಮೂಢನಂಬಿಕೆಯವರು ಎಂದು ಒಂದೇ ಮಾತಿನಲ್ಲಿ ಮುಗಿಸುವ ಮೊದಲು, ಆ ಹಳ್ಳಿಗೆ ಹತ್ತಿರದ ಡಾಕ್ಟರು ಎಷ್ಟು ದೂರದಲ್ಲಿದ್ದಿರಬಹುದು ಎಂದು ಯೋಚಿಸಲಿ. ಗಡಿಯ ಕಥೆಯೂ ಅಷ್ಟೇ. ರೊಡೇಷ್ಯಾ ಎಂದರೆ ಜಿಂಬಾಬ್ವೆಯ ಹಳೆಯ ಹೆಸರು. ಅದರ ಸೈನ್ಯ ಎಪ್ಪತ್ತರ ದಶಕದಲ್ಲಿ ಮೊಜಾಂಬಿಕ್ ಗಡಿಯುದ್ದಕ್ಕೂ ನೆಲಬಾಂಬು ಹುಗಿದಿತ್ತು. ದಶಕಗಳು ಕಳೆದ ಮೇಲೂ ಅವನ್ನು ಅಗೆದು ತೆಗೆಯುವ ಕೆಲಸ ನಡೆದೇ ಇತ್ತು.

ಮೊಜಾಂಬಿಕ್ ಎಂದರೆ ಎಲ್ಲೋ ದೂರದ ಹೆಸರು ಎನ್ನುವ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿ. 1752ರವರೆಗೆ ಪೋರ್ಚುಗೀಸ್ ಮೊಜಾಂಬಿಕ್ ಗೋವೆಯ ಆಡಳಿತಕ್ಕೆ ಸೇರಿತ್ತು. ಆ ಕಡಲದಾರಿಯಲ್ಲೇ ಪೂರ್ವ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಕಾಡು ಹೊಕ್ಕವರ, ಬಿಡುಗಡೆಯಾಗಿ ಬಂದವರ ವಂಶದವರು ನಿಮ್ಮ ಪಕ್ಕದ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಸಿದ್ದಿಗಳು. ನಿಮ್ಮ ಶಾಲೆಯಲ್ಲಿ ಸಿದ್ದಿ ಮಕ್ಕಳಿದ್ದರೆ ಮಾತ್ರ ಬಹಳ ಎಚ್ಚರವಾಗಿರಿ. ಅವರು ತಲೆಮಾರುಗಳಿಂದ ಇಲ್ಲಿಯವರು, ಕನ್ನಡ-ಕೊಂಕಣಿ ಆಡುವ ಕನ್ನಡನಾಡಿನ ಮಕ್ಕಳು. ‘ಆಫ್ರಿಕಾದ ಬಗ್ಗೆ ನೀನು ಹೇಳು’ ಎಂದು ಅವರನ್ನು ಎಬ್ಬಿಸಿ ನಿಲ್ಲಿಸುವುದು ತಪ್ಪು. ಚರಿತ್ರೆಯನ್ನು ಎಲ್ಲರ ಚರಿತ್ರೆಯಾಗಿ ಹೇಳಿ.

ಪೋಷಕರ ಆಕ್ಷೇಪದ ವಿಷಯ. ಅವರನ್ನು ಕರೆದು ಕೂರಿಸಿ ಮಾತಾಡಿ, ಅವರ ಆತಂಕ ನ್ಯಾಯವಾದದ್ದೇ. ಆದರೆ ಈ ಕಾದಂಬರಿಯಲ್ಲಿ ಮದುವೆ ನಡೆಯುವುದಿಲ್ಲ, ಹುಡುಗಿ ತಪ್ಪಿಸಿಕೊಳ್ಳುತ್ತಾಳೆ, ಇಡೀ ಕಥೆ ಅವಳ ಪರವಾಗಿ ನಿಂತಿದೆ ಎಂದು ತಿಳಿಸಿ. ಕೊಲೆಯಾದವನ ಆತ್ಮಕ್ಕೆ ಪರಿಹಾರವಾಗಿ ಹೆಣ್ಣುಮಗುವನ್ನು ಕೊಡುವ ಪದ್ಧತಿ ಲೇಖಕಿಯ ಕಲ್ಪನೆಯಲ್ಲ. ಜಿಂಬಾಬ್ವೆಯ 2007ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅದನ್ನು ಹೆಸರಿಸಿಯೇ ಹಿಂಸೆಯ ಪಟ್ಟಿಗೆ ಸೇರಿಸಿತು. 2016ರ ಜನವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹದಿನೆಂಟಕ್ಕೆ ಮುಂಚಿನ ಮದುವೆಯನ್ನೇ ರದ್ದು ಮಾಡಿತು. ಆ ಮೊಕದ್ದಮೆ ಹೂಡಿದವರು, ಚಿಕ್ಕಂದಿನಲ್ಲೇ ಮದುವೆಗೆ ಸಿಕ್ಕಿದ್ದ ಇಬ್ಬರು ಯುವತಿಯರು. ಮೊಜಾಂಬಿಕ್ 2019ರಲ್ಲಿ ಕಾನೂನು ತಂದಿತು. ನಮ್ಮ ಕರ್ನಾಟಕವೂ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎಂದು ಸಾರಿದೆ. ಮಕ್ಕಳಿಗೆ ಇವನ್ನು ಹೇಳುವುದರಿಂದ ಎರಡು ಲಾಭ. ನ್ಹಾಮೊಳ ಕಷ್ಟ ‘ಅವರ ದೇಶದ್ದು’ ಎಂಬ ಭಾವನೆ ಹೋಗುತ್ತದೆ. ಆ ದೇಶದ ಹೆಣ್ಣುಮಕ್ಕಳು ತಾವೇ ಎದ್ದುನಿಂತು ಗೆದ್ದರು ಎಂಬುದೂ ತಿಳಿಯುತ್ತದೆ. ಒಂದು ಮಾತು ಮರೆಯಬೇಡಿ: ಇಂಥ ಪುಸ್ತಕ ಓದಿದ ಮೇಲೆ ಯಾವುದಾದರೂ ಮಗು ನಿಮ್ಮ ಬಳಿ ಒಂಟಿಯಾಗಿ ಬಂದು ‘ನಮ್ಮನೇಲೂ ಮಾತು ನಡೀತಿದೆ’ ಎನ್ನಬಹುದು. ಆಗ ತರಗತಿಯ ಚರ್ಚೆ ಬಿಡಿ, 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ.

ಈಗ ನನಗೆ ಅತಿ ಮುಖ್ಯ ಎನಿಸಿದ ಚೀಟಿ. ‘ವಿಜ್ಞಾನಿಗಳು ಸಿಕ್ಕಮೇಲೆ ಕಥೆ ಮುಗೀತು.’ ಈ ಕಾದಂಬರಿ ಓದಿದ ಮಕ್ಕಳಿಂದ ನಾನು ಮತ್ತೆ ಮತ್ತೆ ಕೇಳಿರುವ ಮಾತು ಇದು. ಮಕ್ಕಳು ಹೀಗೆನ್ನುವುದು ಸಹಜ. ಬದುಕುಳಿಯುವ ಕಥೆಗಳು ಅವರಿಗೆ ಒಂದು ಲೆಕ್ಕ ಕಲಿಸಿಬಿಟ್ಟಿವೆ: ಹಸಿವು, ಬಾಯಾರಿಕೆ, ಮೃಗ, ಗಾಯ, ಕೊನೆಗೆ ರಕ್ಷಣೆ. ಹೆಲಿಕಾಪ್ಟರ್ ಬಂತು, ಪರದೆ ಬಿತ್ತು. ನ್ಯಾನ್ಸಿ ಫಾರ್ಮರ್ ಪರದೆ ಬೀಳಿಸುವುದಿಲ್ಲ. ಸರೋವರ, ಕಾಡು, ಗಡಿ ಎಲ್ಲ ದಾಟಿ ಎಫಿಫಿ ಎಂಬ ಸಂಶೋಧನಾ ಕೇಂದ್ರಕ್ಕೆ ಬಂದು ಬಿದ್ದ ಹುಡುಗಿಗೆ ಅಲ್ಲಿಂದ ಶುರುವಾಗುವುದು ಇನ್ನೊಂದು ಬಗೆಯ ಕಷ್ಟ. ಇಷ್ಟು ದಿನ ಅವಳಿಗೆ ತಿನ್ನಲು ಏನಿದೆ ಎಂಬ ಚಿಂತೆ. ಈಗ ನಾನು ಯಾರ ಮನೆಯವಳು ಎಂಬ ಚಿಂತೆ. ಓದು ಕಲಿಯಬೇಕು, ಮಂದಿಯ ನಡುವೆ ಮಲಗುವುದನ್ನು ಮತ್ತೆ ಕಲಿಯಬೇಕು, ಆತ್ಮಗಳ ಜೊತೆ ಆಡಿದ ಮಾತನ್ನು ಯಾರ ಮುಂದೆ ಹೇಳಬಹುದು, ಯಾರ ಮುಂದೆ ಹೇಳಬಾರದು ಎಂದು ಅರಿಯಬೇಕು. ಅಪ್ಪ ಸಿಗುತ್ತಾನೆ ಎಂದು ಬಂದವಳಿಗೆ ಅವನು ಬದುಕಿಲ್ಲ ಎಂದು ತಿಳಿಯುತ್ತದೆ. ಅಪ್ಪನ ಮನೆಯವರು ಸಿಗುತ್ತಾರೆ, ಉಳ್ಳವರು, ಆದರೆ ಬಾಗಿಲು ತೆರೆದು ಅಪ್ಪಿಕೊಳ್ಳುವವರಲ್ಲ.

ಬಬೂನುಗಳ ಗುಂಪಿನಲ್ಲಿ ಯಾರು ಮೇಲು, ಯಾರು ಕೀಳು, ಯಾರನ್ನು ಹತ್ತಿರ ಬಿಟ್ಟುಕೊಳ್ಳುತ್ತಾರೆ ಎಂಬುದನ್ನು ಅವಳು ನೋಡಿ ಕಲಿತಿದ್ದಳಲ್ಲ, ಅದೇ ಕಣ್ಣಿನಲ್ಲಿ ಈಗ ಮನುಷ್ಯರ ಮನೆಯನ್ನು ನೋಡಬೇಕಾಗುತ್ತದೆ. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿಕೊಟ್ಟರೆ ಪಾಠವಾಗಿಬಿಡುತ್ತದೆ. ನಾನು ಮಾಡುವುದು ಹೀಗೆ: ದ್ವೀಪದ ಭಾಗ ಮುಗಿದ ದಿನ ಪುಸ್ತಕ ವಾಪಸ್ ತೆಗೆದುಕೊಂಡು, ‘ಇವಳು ನಿಮ್ಮ ತರಗತಿಗೆ ನಾಳೆ ಬೆಳಿಗ್ಗೆ ಹೊಸದಾಗಿ ಸೇರುತ್ತಾಳೆ ಅಂದುಕೊಳ್ಳಿ, ಮೊದಲ ದಿನ ಏನಾಗುತ್ತದೆ ಬರೆಯಿರಿ’ ಎನ್ನುತ್ತೇನೆ. ಹುಡುಗರು ಕೂಡ ತಪ್ಪದೆ ಬರೆಯುವುದು ಎರಡು ವಿಷಯ: ಅವಳ ಬಟ್ಟೆ ನೋಡಿ ನಗುತ್ತಾರೆ, ಊಟದ ಹೊತ್ತಿಗೆ ಅವಳ ಪಕ್ಕ ಯಾರೂ ಕೂರುವುದಿಲ್ಲ. ಬರೆದಾದ ಮೇಲೆ ಕೊನೆಯ ಭಾಗ ಕೊಡುತ್ತೇನೆ. ಬೋರು ಎಂಬ ಮಾತು ಪೂರ್ತಿ ನಿಲ್ಲುತ್ತದೆ ಎನ್ನಲಾರೆ. ಆದರೆ ಅಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ಕಾಣತೊಡಗುತ್ತದೆ.

ವಿಜ್ಞಾನ ಇಷ್ಟಪಡುವ ಮಕ್ಕಳಿದ್ದರೆ ಎಫಿಫಿಯನ್ನು ಇನ್ನೊಂದು ಬಾಗಿಲಿನಿಂದಲೂ ತೆರೆಯಬಹುದು. ಅಲ್ಲಿ ಅಧ್ಯಯನ ಮಾಡುವುದು ಟ್ಸೆಟ್ಸೆ ನೊಣ. ಮನುಷ್ಯರಿಗೆ ನಿದ್ರಾರೋಗ, ದನಗಳಿಗೆ ನಗಾನಾ ಎಂಬ ಕಾಯಿಲೆ ಹರಡುವ ನೊಣ ಅದು. ಬೇರೆ ನೊಣಗಳಂತೆ ರಾಶಿ ಮೊಟ್ಟೆ ಇಡುವುದಿಲ್ಲ, ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಹೊಟ್ಟೆಯೊಳಗೆ ಬೆಳೆಸಿ ಹೆರುತ್ತದೆ. ಸಂತಾನ ಇಷ್ಟು ನಿಧಾನ ಆದ್ದರಿಂದ, ದಿನವೂ ಒಂದಷ್ಟು ಹೆಣ್ಣು ನೊಣಗಳನ್ನು ಹಿಡಿದು ಕೊಂದರೂ ಸಂತತಿ ಕುಸಿಯುತ್ತದೆ. ಹಿಡಿಯುವುದು ಹೇಗೆ? ಜಾಂಬೆಜಿ ಕಣಿವೆಯ ರೆಕೊಮಿಟ್ಜಿ ಕೇಂದ್ರದಲ್ಲಿ ವಿಜ್ಞಾನಿಗಳು ಎತ್ತುಗಳನ್ನು ನೆಲದಡಿಯ ಗುಂಡಿಯಲ್ಲಿ ಕಣ್ಣಿಗೆ ಬೀಳದಂತೆ ನಿಲ್ಲಿಸಿ, ಅವುಗಳ ವಾಸನೆಯನ್ನು ಮಾತ್ರ ಕೊಳವೆಯಲ್ಲಿ ಮೇಲೆ ಬಿಟ್ಟು ನೋಡಿದರು. ಎತ್ತು ಕಾಣದಿದ್ದರೂ ನೊಣಗಳು ಬಂದವು. ವಾಸನೆಯಲ್ಲಿರುವ ಅಸಿಟೋನ್, ಆಕ್ಟೆನಾಲ್‌ನಂಥ ರಾಸಾಯನಿಕಗಳನ್ನು ಗುರುತಿಸಿ, ನೀಲಿ-ಕಪ್ಪು ಬಟ್ಟೆಯ ಬೋನುಗಳ ಬಳಿ ಇಟ್ಟು ನೊಣ ಹಿಡಿಯುವ ವಿಧಾನ ರೂಪಿಸಿದರು. ಏಳನೇ ತರಗತಿಯ ಹುಡುಗನೊಬ್ಬ ಇದನ್ನು ಕೇಳಿದ ಮೇಲೆ ಆ ಭಾಗವನ್ನು ಎರಡನೇ ಸಲ ಓದಿದ್ದು ನನಗೆ ಗೊತ್ತು.

ಇನ್ನು ಒಂದೇ ಸಾಲು ಬರೆದ ಆ ಹುಡುಗಿ. ಅಜ್ಜಿ ಯಾಕೆ ಜೊತೆಗೆ ಹೋಗಲಿಲ್ಲ? ದಯವಿಟ್ಟು ಇದಕ್ಕೆ ‘ಅಜ್ಜಿಗೆ ವಯಸ್ಸಾಗಿತ್ತು’ ಎಂದು ಉತ್ತರ ಹೇಳಿ ಮುಗಿಸಬೇಡಿ. ವಯಸ್ಸಾಗಿದ್ದು ನಿಜ. ಆದರೆ ಊರಿನ ತೀರ್ಪನ್ನು ಮುರಿಯುವುದು ಮೊಮ್ಮಗಳಲ್ಲ, ಅಜ್ಜಿ. ಮೊಮ್ಮಗಳು ಹೊರಟ ಮೇಲೆ ಊರಿನ ಸಿಟ್ಟನ್ನು ಎದುರಿಸಲು ಊರಲ್ಲೇ ಉಳಿಯುವವಳೂ ಅವಳೇ. ಕಾದಂಬರಿ ಪೂರ್ತಿ ನ್ಹಾಮೊಳ ದೋಣಿಯ ಜೊತೆ ಸಾಗುವುದರಿಂದ ಅಜ್ಜಿಯ ಆ ದಿನಗಳು ನಮಗೆ ಕಾಣುವುದಿಲ್ಲ. ಆ ಹುಡುಗಿ ಪುಸ್ತಕದಲ್ಲಿ ಇಲ್ಲದ ಒಂದು ಅಧ್ಯಾಯವನ್ನು ಕೇಳುತ್ತಿದ್ದಾಳೆ. ಅದನ್ನು ಅವಳಿಂದಲೇ ಬರೆಸಿ, ಕನ್ನಡದಲ್ಲಿ ಬರೆಯಲಿ. ಬೆಳಗಾಗಿದೆ, ದೋಣಿ ಇಲ್ಲ, ಜನ ಅಜ್ಜಿಯ ಗುಡಿಸಲಿನ ಮುಂದೆ ಸೇರಿದ್ದಾರೆ ಎಂಬಲ್ಲಿಂದ ಶುರುಮಾಡಲಿ. ಒಪ್ಪಿದರೆ ಓದುಕೂಟದಲ್ಲಿ ಓದಿಸಿ, ಸಂಕೋಚಪಟ್ಟರೆ ಒತ್ತಾಯ ಬೇಡ.

ಮುಂದಿನ ವರ್ಷಕ್ಕೆ ನನ್ನ ಸಲಹೆ: ಆರನೇ ತರಗತಿಗೆ ಬೇಡ, ಏಳರಿಂದ ಮೇಲಿನವರಿಗೆ ಕೊಡಿ. ಮುನ್ನೂರು ಪುಟದ ಇಂಗ್ಲಿಷ್ ಪುಸ್ತಕವನ್ನು ಹದಿನೈದು ದಿನದಲ್ಲಿ ಮುಗಿಸಿ ಎನ್ನಬೇಡಿ, ಒಂದು ಅವಧಿ ಪೂರ್ತಿ ಬಿಡಿ. ಅಭಿಪ್ರಾಯವನ್ನು ಕೊನೆಯಲ್ಲಿ ಒಂದೇ ಸಲ ಕೇಳುವ ಬದಲು ಮೂರು ಕಡೆ ಕೇಳಿ: ದೋಣಿ ಹೊರಟಾಗ, ದ್ವೀಪ ಬಿಟ್ಟಾಗ, ಮುಗಿದಾಗ. ‘ಇಷ್ಟವಾಯಿತೇ’ ಎಂದು ಕೇಳಿದರೆ ಹೌದು-ಇಲ್ಲ ಬರುತ್ತದೆ, ‘ಎಲ್ಲಿ ನಿಲ್ಲಿಸಿದೆ, ಯಾಕೆ’ ಎಂದು ಕೇಳಿ. ಲೇಖಕಿ ಹೊರಗಿನವರು, ಬಿಳಿಯ ಅಮೆರಿಕನ್ ಎಂಬುದನ್ನು ಮುಚ್ಚಿಡಬೇಡಿ. ಅಲ್ಲಿ ವರ್ಷಗಟ್ಟಲೆ ಬಾಳಿ, ಕೆಲಸ ಮಾಡಿ, ಗೌರವದಿಂದ ಬರೆದಿದ್ದಾರೆ, ಆದರೂ ಅದು ಬಂದು ನೆಲೆಸಿದವರ ಕಣ್ಣು. ಒಂಬತ್ತನೇ ತರಗತಿ ದಾಟಿದ, ಚೆನ್ನಾಗಿ ಓದುವ ಮಕ್ಕಳಿಗೆ ಆಮೇಲೆ ಜಿಂಬಾಬ್ವೆಯ ತ್ಸಿತ್ಸಿ ದಂಗರೆಂಬ್ಗಾ ಅವರ 1988ರ ‘ನರ್ವಸ್ ಕಂಡೀಷನ್ಸ್’ ಕೊಡಿ. ಶಾಲೆಗೆ ಹೋಗಲೇಬೇಕೆಂದು ಹಟ ಹಿಡಿಯುವ ಶೋನಾ ಹುಡುಗಿಯೊಬ್ಬಳ ಕಥೆಯನ್ನು ಅದೇ ನೆಲದಲ್ಲಿ ಬೆಳೆದವರು ಬರೆದಿದ್ದಾರೆ. ಅದನ್ನು ಮೊದಲು ನೀವು ಓದಿ. ಕುಟುಂಬದೊಳಗಿನ ಹಿಂಸೆ, ಊಟವನ್ನೇ ನಿರಾಕರಿಸುವ ಒಬ್ಬ ಹುಡುಗಿಯ ಕಾಯಿಲೆ ಅದರಲ್ಲಿವೆ, ಯಾವ ಮಗುವಿಗೆ ಕೊಡಬಹುದು ಎಂಬುದು ಓದಿದ ಮೇಲೆ ನಿಮಗೇ ತಿಳಿಯುತ್ತದೆ.